ಮಗಳ ಮುಖದ ಎಣ್ಣೆ: ತೊಳೆದಷ್ಟೂ ಬರುತ್ತಿದೆ, ಯಾಕೆ?

ಮಲ್ಲಿಗೆಬಳ್ಳಿ, ತುಮಕೂರು

ಎಲ್ಲರಿಗೂ ನಮಸ್ಕಾರ. ಇದು ನನ್ನ ಮಗಳ ವಿಷಯ. ಅವಳಿಗೆ ಹದಿನೈದು ವರ್ಷ, ಹತ್ತನೇ ಕ್ಲಾಸು. ಒಂದೂವರೆ ವರ್ಷದಿಂದ ಮುಖದಲ್ಲಿ ತುಂಬಾ ಎಣ್ಣೆ. ಬೆಳಿಗ್ಗೆ ಎದ್ದಾಗ ಹಣೆ, ಮೂಗು ಫಳಫಳ ಹೊಳೆಯುತ್ತಿರುತ್ತವೆ. ದಿಂಬಿನ ಕವರಿಗೆ ಜಿಡ್ಡು ಹಿಡಿಯುತ್ತದೆ. ಹಣೆಯ ಮೇಲೆ ಸಣ್ಣ ಸಣ್ಣ ಗುಳ್ಳೆ, ಕೆನ್ನೆಯ ಮೇಲೆ ದೊಡ್ಡ ಮೊಡವೆ.

ದಿನಕ್ಕೆ ಏಳೆಂಟು ಸಲ ಸೋಪು ಹಚ್ಚಿ ತೊಳೆಯುತ್ತಾಳೆ. ಸ್ಕೂಲ್ ಬ್ಯಾಗಿನಲ್ಲೂ ಒಂದು ಸೋಪಿನ ಡಬ್ಬಿ. ಮೊನ್ನೆ ಟವೆಲಿನಲ್ಲಿ ತಿಕ್ಕಿ ತಿಕ್ಕಿ ಕೆನ್ನೆ ಸುಲಿದಿತ್ತು. ಕ್ಲಾಸಿನಲ್ಲಿ ಯಾರೋ "ನಿನ್ನ ಮುಖದ ಎಣ್ಣೇಲಿ ಬೋಂಡಾ ಕರೀಬಹುದು" ಅಂದರಂತೆ. ಅವತ್ತು ರಾತ್ರಿ ಊಟ ಮಾಡಲಿಲ್ಲ.

ಪಾರ್ಲರಿನವರು "ರಂಧ್ರ ತೆರೆಸಿ ಕ್ಲೀನ್ ಮಾಡಬೇಕು, ಆರು ಸಲ ಬರಬೇಕು" ಅಂದರು. ನಮ್ಮ ಅತ್ತೆ "ಉಷ್ಣ ಜಾಸ್ತಿಯಾಗಿದೆ, ಕರಿದದ್ದು ಕೊಡಬೇಡ" ಅನ್ನುತ್ತಾರೆ. ನಮ್ಮನೆಯವರು "ವಯಸ್ಸಿಗೆ ಬರೋದು, ತಾನಾಗೇ ಹೋಗುತ್ತೆ ಬಿಡು" ಅನ್ನುತ್ತಾರೆ. ಒಂದು ಮೆಡಿಕಲ್ ಶಾಪಿನಲ್ಲಿ ಕೇಳಿದ್ದಕ್ಕೆ ಟ್ಯೂಬ್ ಕೊಟ್ಟರು. ಹಚ್ಚಿದ ಒಂದು ವಾರಕ್ಕೆ ಮುಖ ಬೆಳ್ಳಗೆ, ನುಣ್ಣಗೆ ಆಯಿತು. ನನಗೆ ಎಷ್ಟು ಖುಷಿಯಾಗಿತ್ತೆಂದರೆ ಇನ್ನೂ ಎರಡು ತಂದಿಟ್ಟೆ. ಈಗ ಒಂದು ದಿನ ಬಿಟ್ಟರೂ ಮುಖ ಕೆಂಪಗಾಗಿ ಉರಿಯುತ್ತದೆ, ಮೊಡವೆ ಮೊದಲಿಗಿಂತ ಜಾಸ್ತಿ.

ಈ ಎಣ್ಣೆ ಎಲ್ಲಿಂದ ಬರುತ್ತದೆ? ಇಷ್ಟು ತೊಳೆದರೂ ಯಾಕೆ ನಿಲ್ಲುವುದಿಲ್ಲ? ತಿಳಿದವರು ದಯವಿಟ್ಟು ಹೇಳಿ.

ವೈದ್ಯೆ, ದಾವಣಗೆರೆ

ಅಕ್ಕ, ಮಿಕ್ಕಿದ್ದೆಲ್ಲ ಆಮೇಲೆ. ಮೊದಲು ಆ ಟ್ಯೂಬನ್ನು ಕೈಗೆ ತೆಗೆದುಕೊಂಡು ಸಣ್ಣ ಅಕ್ಷರದಲ್ಲಿ ಏನಿದೆ ಓದಿ. ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಇವುಗಳಲ್ಲಿ ಯಾವುದಾದರೂ ಹೆಸರು ಇದೆಯಾ?

ಮಲ್ಲಿಗೆಬಳ್ಳಿ, ತುಮಕೂರು

ಮೊಮೆಟಸೋನ್ ಅಂತ ಇದೆ ಮೇಡಂ. ಅದರ ಜೊತೆ ಇನ್ನೂ ಎರಡು ಹೆಸರು.

ವೈದ್ಯೆ, ದಾವಣಗೆರೆ

ನಾನು ಅಂದುಕೊಂಡದ್ದೇ ಆಯಿತು. ಅದು ಸ್ಟೀರಾಯ್ಡ್. ಇವತ್ತಿಂದ ಮುಖಕ್ಕೆ ಅದು ಬೇಡ. ಉಳಿದ ಟ್ಯೂಬುಗಳನ್ನೂ ಎತ್ತಿಡಿ. ನಾಳೆ ನಾಡಿದ್ದರಲ್ಲೇ ಚರ್ಮದ ಡಾಕ್ಟರಿಗೆ ತೋರಿಸಿ, ಹೋಗುವಾಗ ಟ್ಯೂಬ್ ಜೊತೆಗಿರಲಿ.

ಸ್ಟೀರಾಯ್ಡ್ ಊತವನ್ನು ತಗ್ಗಿಸುತ್ತದೆ, ರಕ್ತನಾಳಗಳನ್ನು ಕುಗ್ಗಿಸುತ್ತದೆ. ಅದಕ್ಕೇ ಮೊದಲ ವಾರ ಮುಖ ಬೆಳ್ಳಗೆ ಕಾಣುತ್ತದೆ. ಮೊಡವೆಯ ಮೂಲಕ್ಕೆ ಅದು ಏನೂ ಮಾಡುವುದಿಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪು ರಕ್ತನಾಳದ ಎಳೆಗಳು ಕಾಣಿಸುತ್ತವೆ, ಮುಖದಲ್ಲಿ ಕೂದಲು ಬರುತ್ತದೆ, ಅದರಿಂದಲೇ ಹೊಸ ಮೊಡವೆ ಏಳುತ್ತವೆ. ಬಿಟ್ಟ ಕೂಡಲೇ ಮುಖ ಉರಿಯುತ್ತದೆ. ಉರಿ ತಡೆಯಲಾರದೆ ಮತ್ತೆ ಹಚ್ಚುತ್ತಾರೆ. ಹೀಗೆ ಸಿಕ್ಕಿಹಾಕಿಕೊಂಡ ಹೆಣ್ಣುಮಕ್ಕಳನ್ನು ನಾನು ವಾರಕ್ಕೆ ನಾಲ್ಕೈದು ಜನರನ್ನಾದರೂ ನೋಡುತ್ತೇನೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಕ್ರೀಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಆದರೂ ಕೌಂಟರಿನಲ್ಲಿ ಕೇಳಿದರೆ ಸಿಗುತ್ತಿದೆ. ನಿಮ್ಮನ್ನು ನೀವು ಬೈದುಕೊಳ್ಳಬೇಡಿ, ಒಂದು ತಿಂಗಳೊಳಗೇ ಗೊತ್ತಾಗಿದೆ. ಚರ್ಮ ಸುಧಾರಿಸಿಕೊಳ್ಳುತ್ತದೆ.

ಜೀವಶಾಸ್ತ್ರದ ಮೇಷ್ಟ್ರು, ಹಾಸನ

ತಾಯಿ, ಮದ್ದಿನ ವಿಷಯ ಡಾಕ್ಟರು ಹೇಳಲಿ. ಎಣ್ಣೆ ಎಲ್ಲಿಂದ ಬರುತ್ತದೆ ಅಂತ ಕೇಳಿದಿರಲ್ಲ, ಅದನ್ನು ನಾನು ಹೇಳುತ್ತೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರ್ಮದ ಚಿತ್ರವನ್ನು ಬೋರ್ಡಿನ ಮೇಲೆ ಬರೆದಿದ್ದೇನೆ.

ಚರ್ಮದಲ್ಲಿ ಬೆವರಿನ ಗ್ರಂಥಿ ಬೇರೆ, ಎಣ್ಣೆಯ ಗ್ರಂಥಿ ಬೇರೆ. ಎಣ್ಣೆಯದಕ್ಕೆ ಪುಸ್ತಕದಲ್ಲಿ ಮೇದೋಗ್ರಂಥಿ ಅಂತ ಇರುತ್ತದೆ, ಡಾಕ್ಟರುಗಳು ಸೆಬೇಶಿಯಸ್ ಗ್ರಂಥಿ ಅನ್ನುತ್ತಾರೆ. ಅದರಿಂದ ಬರುವ ಎಣ್ಣೆಯ ಹೆಸರು ಸೀಬಮ್. ಪ್ರತಿ ಕೂದಲೂ ಒಂದು ಕಿರಿದಾದ ಬಾವಿಯೊಳಗೆ ಬೇರೂರಿರುತ್ತದೆ. ಆ ಬಾವಿಯ ಗೋಡೆಗೆ ಈ ಗ್ರಂಥಿ ಪುಟ್ಟ ದ್ರಾಕ್ಷಿ ಗೊಂಚಲಿನ ಹಾಗೆ ಅಂಟಿಕೊಂಡಿರುತ್ತದೆ. ಎಣ್ಣೆ ಬಾವಿಗೆ ಬಿದ್ದು ಕೂದಲನ್ನು ಸವರಿಕೊಂಡು ಮೇಲೆ ಬರುತ್ತದೆ. ಹಣೆಯ ಮೇಲೆ ಕೂದಲೇ ಇಲ್ಲವಲ್ಲ ಅನ್ನಬಹುದು. ಇದೆ, ಬೆಳಕಿಗೆ ಹಿಡಿದು ನೋಡಿದರೆ ಮಾತ್ರ ಕಾಣುವಷ್ಟು ಸಣ್ಣದು. ಕೂದಲು ಚಿಕ್ಕದಾದರೂ ಗ್ರಂಥಿ ದೊಡ್ಡದು. ಮುಖ ಮತ್ತು ತಲೆಯಲ್ಲಿ ಒಂದು ಚದರ ಸೆಂಟಿಮೀಟರಿಗೆ 400ರಿಂದ 900 ಗ್ರಂಥಿಗಳು ಇರುತ್ತವೆ. ಕೈಕಾಲುಗಳಲ್ಲಿ ನೂರೂ ಇರುವುದಿಲ್ಲ. ಅಂಗೈ, ಅಂಗಾಲಿನಲ್ಲಿ ಒಂದೂ ಇಲ್ಲ. ಮೊಬೈಲ್ ಗಾಜಿನ ಮೇಲೆ ಬೆರಳಿನ ಜಿಡ್ಡು ಮೂಡುತ್ತದಲ್ಲ, ಅದು ಬೆರಳಿನ ಎಣ್ಣೆಯಲ್ಲ. ನಾವು ಮುಖ, ಕೂದಲು ಮುಟ್ಟಿಕೊಂಡು ತಂದದ್ದು.

ಇನ್ನು ಎಣ್ಣೆ ಆಗುವ ಬಗೆ. ಇದನ್ನು ಹೇಳುವಾಗ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ಗಾಣದಲ್ಲಿ ಕಡಲೆಕಾಯಿ ಅರೆದರೆ ಎಣ್ಣೆ ಒಂದು ಕಡೆ, ಹಿಂಡಿ ಒಂದು ಕಡೆ. ಈ ಗ್ರಂಥಿಯಲ್ಲಿ ಹಿಂಡಿ ಉಳಿಯುವುದೇ ಇಲ್ಲ. ಗ್ರಂಥಿಯ ಅಂಚಿನಲ್ಲಿ ಹೊಸ ಜೀವಕೋಶ ಹುಟ್ಟುತ್ತದೆ. ನಡುವಿನ ಕಡೆಗೆ ಜರುಗುತ್ತಾ ಜರುಗುತ್ತಾ ಒಳಗೆ ಎಣ್ಣೆಯ ಹನಿಗಳನ್ನು ತುಂಬಿಕೊಳ್ಳುತ್ತದೆ. ತುಂಬಿ ತುಂಬಿ ಉಬ್ಬಿ, ಕೊನೆಗೆ ಒಡೆದು ತಾನೇ ಎಣ್ಣೆಯಾಗಿ ಹರಿದುಹೋಗುತ್ತದೆ. ಬೆವರಿನ ಗ್ರಂಥಿ ಬೆವರು ಸುರಿಸಿ ಬದುಕಿರುತ್ತದೆ. ಎಣ್ಣೆಯ ಜೀವಕೋಶ ತನ್ನನ್ನೇ ಕೊಟ್ಟು ಮುಗಿಯುತ್ತದೆ.

ಹುಟ್ಟಿದಾಗಿನಿಂದ ಒಡೆಯುವವರೆಗೆ ಎರಡು ಮೂರು ವಾರ ಬೇಕು. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಇವತ್ತು ಅವಳ ಹಣೆಯ ಮೇಲೆ ಬಂದಿರುವ ಎಣ್ಣೆಯ ತಯಾರಿ ಹದಿನೈದು ದಿನದ ಹಿಂದೆಯೇ ಶುರುವಾಗಿದೆ. ಸೋಪು ತೆಗೆಯುವುದು ಹೊರಗೆ ಬಂದದ್ದನ್ನು ಮಾತ್ರ. ಒಳಗೆ ಸಾಲಾಗಿ ನಿಂತಿರುವುದಕ್ಕೆ ಅದು ಮುಟ್ಟುವುದೂ ಇಲ್ಲ.

ಕರಾವಳಿ ಹುಡುಗ, ಮಂಗಳೂರು

ಮೇಷ್ಟ್ರೇ, ಚೆನ್ನಾಗಿ ಹೇಳಿದಿರಿ. ಒಂದು ಅನುಮಾನ. ಜಾಸ್ತಿ ತೊಳೆದರೆ ಚರ್ಮ ಒಣಗಿ, ಅದನ್ನು ತುಂಬಿಕೊಡಲು ಗ್ರಂಥಿ ಇನ್ನೂ ಜಾಸ್ತಿ ಎಣ್ಣೆ ಬಿಡುತ್ತದೆ ಅಂತ ಎಲ್ಲ ವಿಡಿಯೋಗಳಲ್ಲೂ ಹೇಳುತ್ತಾರೆ. ನಿಜವಾ?

ವೈದ್ಯೆ, ದಾವಣಗೆರೆ

ಇದು ತುಂಬಾ ಹರಡಿರುವ ಮಾತು. ಚರ್ಮದ ಮೇಲೆ ಎಣ್ಣೆ ಕಡಿಮೆಯಾಯಿತು ಅಂತ ಗ್ರಂಥಿಗೆ ಸುದ್ದಿ ಮುಟ್ಟಿಸುವ ದಾರಿ ಯಾವುದೂ ಹಾಗೆ ಕಂಡಿಲ್ಲ. ಗ್ರಂಥಿ ಕೇಳುವುದು ಮುಖ್ಯವಾಗಿ ಹಾರ್ಮೋನಿನ ಮಾತನ್ನು. ಆಂಡ್ರೋಜೆನ್ ಎಂಬ ಹಾರ್ಮೋನುಗಳ ಗುಂಪು ಇದೆ. ಟೆಸ್ಟೊಸ್ಟೆರಾನ್ ಅದರಲ್ಲಿ ಒಂದು. ಗಂಡುಮಕ್ಕಳಲ್ಲಿ ಮಾತ್ರ ಅಲ್ಲ, ಹೆಣ್ಣುಮಕ್ಕಳಲ್ಲೂ ಸ್ವಲ್ಪ ಇರುತ್ತದೆ. ಗ್ರಂಥಿಯೊಳಗಿನ ಒಂದು ಕಿಣ್ವ ಅದನ್ನು ಇನ್ನೂ ಜೋರಾದ ರೂಪಕ್ಕೆ ಬದಲಿಸುತ್ತದೆ. ಆಗ ಗ್ರಂಥಿ ದೊಡ್ಡದಾಗುತ್ತದೆ, ಎಣ್ಣೆ ಹೆಚ್ಚುತ್ತದೆ. ಏಳೆಂಟು ವರ್ಷಕ್ಕೆ ಮೆಲ್ಲಗೆ ಶುರುವಾಗುವ ಈ ಕೆಲಸ ಹದಿಹರೆಯದಲ್ಲಿ ಏರುತ್ತಾ ಹೋಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಎಣ್ಣೆ ಇಳಿಯುತ್ತದೆ. ಗಂಡಸರಲ್ಲಿ ಎಪ್ಪತ್ತು ದಾಟಿದರೂ ಹೆಚ್ಚು ಇಳಿಯುವುದಿಲ್ಲ.

ಹಾಗಂತ ಏಳೆಂಟು ಸಲ ತೊಳೆಯುವುದು ಸರಿ ಅಲ್ಲ. ಅದರ ಹಾನಿ ಬೇರೆ. ಚರ್ಮ ಸ್ವಲ್ಪ ಹುಳಿ ಗುಣದ್ದು, ಪಿಎಚ್ 5ರ ಆಸುಪಾಸು. ಮಾಮೂಲಿ ಸೋಪಿನ ಪಿಎಚ್ 9ರಿಂದ 10, ಅಂದರೆ ಹುಳಿಗೆ ಎದುರಾದ ಕ್ಷಾರ ಗುಣದ್ದು. ದಿನಕ್ಕೆ ಎಂಟು ಸಲ ಅದನ್ನು ತಿಕ್ಕಿದರೆ ಮೇಲಿನ ಪದರ ಹಾಳಾಗುತ್ತದೆ, ಉರಿ ಬರುತ್ತದೆ, ಕೂದಲಿನ ಬಾವಿಯ ಬಾಯಿ ಊದಿಕೊಳ್ಳುತ್ತದೆ. ಆಮೇಲೆ ಯಾವ ಔಷಧಿ ಹಚ್ಚಿದರೂ ತಡೆಯಲಾಗುವುದಿಲ್ಲ. ದಿನಕ್ಕೆ ಎರಡು ಸಲ ಸಾಕು. ಆಟ ಆಡಿ ಬೆವರಿದರೆ ಇನ್ನೊಂದು ಸಲ. ಮೃದುವಾದ ಫೇಸ್‌ವಾಶ್, ಉಗುರುಬೆಚ್ಚಗಿನ ನೀರು, ಟವೆಲಿನಿಂದ ಒತ್ತಿ ಒರೆಸುವುದು. ಅಷ್ಟೇ.

ಅವಳಿಗೆ ಒಂದು ಮಾತು ನನ್ನ ಕಡೆಯಿಂದ ಹೇಳಿ ಅಕ್ಕ. ಮುಖದ ಎಣ್ಣೆ ಕೊಳೆ ಅಲ್ಲ. ಅವಳು ಗಲೀಜಾಗಿಲ್ಲ.

ಮಲ್ಲಿಗೆಬಳ್ಳಿ, ತುಮಕೂರು

ಮೇಡಂ, ಆ ಕೊನೆ ಸಾಲನ್ನು ಅವಳಿಗೆ ಓದಿ ಹೇಳಿದೆ. "ಮೂಗಿನ ಮೇಲೆ ಕಪ್ಪು ಚುಕ್ಕೆ ಇದೆಯಲ್ಲ, ಅದು ಕೊಳೆ ತಾನೇ" ಅಂತ ಕೇಳುತ್ತಿದ್ದಾಳೆ.

ವೈದ್ಯೆ, ದಾವಣಗೆರೆ

ಅದೂ ಕೊಳೆ ಅಲ್ಲ ಪುಟ್ಟಾ. ಬ್ಲ್ಯಾಕ್‌ಹೆಡ್ ಕಪ್ಪಗಿರುವುದಕ್ಕೆ ಕಾರಣ ಮೆಲನಿನ್, ನಮ್ಮ ಕೂದಲಿಗೆ, ಚರ್ಮಕ್ಕೆ ಬಣ್ಣ ಕೊಡುವ ಅದೇ ವಸ್ತು. ಸತ್ತ ಚರ್ಮ, ಎಣ್ಣೆ ಸೇರಿ ಬಾವಿಯ ಬಾಯಲ್ಲಿ ಬಿರಡೆಯ ಹಾಗೆ ಕೂತಿರುತ್ತದೆ. ಗಾಳಿ ತಾಗಿ ಅದರ ತುದಿ ಕಪ್ಪಾಗುತ್ತದೆ. ಎಷ್ಟು ತಿಕ್ಕಿದರೂ ಬಿಳಿಯಾಗುವುದಿಲ್ಲ. ಮೂಗಿನ ಮೇಲೆ ಬೂದು ಬಣ್ಣದ ಒಂದೇ ಸಮನಾದ ಚುಕ್ಕೆಗಳು ಇದ್ದರೆ ಅವು ಬ್ಲ್ಯಾಕ್‌ಹೆಡ್ ಕೂಡ ಅಲ್ಲ, ಎಣ್ಣೆ ಹರಿಯುವ ದಾರಿಗಳು. ಎಲ್ಲರಿಗೂ ಇರುತ್ತವೆ. ಪಾರ್ಲರಿನಲ್ಲಿ ಹಿಂಡಿಸಿದರೆ ಒಂದು ತಿಂಗಳೊಳಗೆ ಮತ್ತೆ ತುಂಬುತ್ತವೆ. ರಂಧ್ರ ತೆರೆಯುವುದು, ಮುಚ್ಚುವುದು ಅಂತ ಏನೂ ಇಲ್ಲ. ಅದು ಬಾಗಿಲಲ್ಲ.

ಅಜ್ಜಿಮನೆ, ಶಿರಸಿ

ಡಾಕ್ಟ್ರೇ, ಹಳಬರ ಮಾತನ್ನೂ ಸ್ವಲ್ಪ ಕೇಳಿ. ಉಷ್ಣ ಅನ್ನುವುದನ್ನು ಅಷ್ಟು ಸುಲಭಕ್ಕೆ ತೆಗೆದುಹಾಕಬೇಡಿ. ನಮ್ಮನೆಯಲ್ಲಿ ಮೊಡವೆ ಬಂದರೆ ಮಜ್ಜಿಗೆ, ತಂಬುಳಿ ಜಾಸ್ತಿ ಮಾಡಿ ಸಿಹಿ ನಿಲ್ಲಿಸುತ್ತಿದ್ದರು. ಕಡಿಮೆ ಆಗುತ್ತಿತ್ತು.

ವೈದ್ಯೆ, ದಾವಣಗೆರೆ

ಅಮ್ಮಾ, ತೆಗೆದುಹಾಕುವುದಿಲ್ಲ. ಎರಡು ಕಡೆ ಅದರಲ್ಲಿ ಸತ್ಯ ಇದೆ. ಒಂದು, ನಿಜವಾದ ಬಿಸಿ. ಚರ್ಮದ ಶಾಖ ಒಂದು ಡಿಗ್ರಿ ಏರಿದರೆ ಎಣ್ಣೆಯ ಹರಿವು ಸುಮಾರು 10% ಏರುತ್ತದೆ. ಏಪ್ರಿಲ್‌ನಲ್ಲಿ ನನ್ನ ಕ್ಲಿನಿಕ್ಕಿನಲ್ಲಿ ಕೂರಲು ಜಾಗ ಇರುವುದಿಲ್ಲ.

ಎರಡು, ನಿಮ್ಮವರು ನಿಲ್ಲಿಸಿದ್ದು ಸಿಹಿಯನ್ನು. ಅದು ಸರಿಯಾದ ಜಾಗಕ್ಕೇ ಕೈಹಾಕಿದ್ದು. ಪಪುವಾ ನ್ಯೂಗಿನಿ ದೇಶದಲ್ಲಿ ಕಿಟಾವಾ ಎಂಬ ದ್ವೀಪ ಇದೆ. ಗೆಡ್ಡೆಗೆಣಸು, ಹಣ್ಣು, ಮೀನು, ತೆಂಗಿನಕಾಯಿ ಅವರ ಊಟ. ಅಲ್ಲಿ 1200 ಜನರನ್ನು ಪರೀಕ್ಷಿಸಿದಾಗ ಒಬ್ಬರಿಗೂ ಮೊಡವೆ ಇರಲಿಲ್ಲ. ಆ ವರದಿ 2002ರಲ್ಲಿ ಬಂತು. ವಂಶದ ಗುಣವೂ ಇರಬಹುದು, ಊಟ ಒಂದೇ ಕಾರಣ ಅನ್ನಲಾಗದು. ಆದರೆ 2007ರಲ್ಲಿ ಆಸ್ಟ್ರೇಲಿಯಾದಲ್ಲಿ 15ರಿಂದ 25 ವಯಸ್ಸಿನ 43 ಹುಡುಗರ ಮೇಲೆ 12 ವಾರ ಅಧ್ಯಯನ ನಡೆಯಿತು. ರಕ್ತದಲ್ಲಿ ಸಕ್ಕರೆಯನ್ನು ಬೇಗ ಏರಿಸದ ಊಟ ಮಾಡಿದವರಲ್ಲಿ ಮೊಡವೆ ಹೆಚ್ಚು ಇಳಿಯಿತು. ಸಕ್ಕರೆ ಏರಿದರೆ ಇನ್ಸುಲಿನ್ ಏರುತ್ತದೆ, ಇನ್ಸುಲಿನ್ ಏರಿದರೆ ಎಣ್ಣೆ ಗ್ರಂಥಿಗೆ ಹುರುಪು ಬರುತ್ತದೆ. ಬೋಂಡಾದ ಎಣ್ಣೆ ಹೊಟ್ಟೆಯಿಂದ ನೇರವಾಗಿ ಮುಖಕ್ಕೆ ಬರುವುದಿಲ್ಲ. ಕೂಲ್‌ಡ್ರಿಂಕ್ಸ್, ಬೇಕರಿ ತಿಂಡಿ, ಮೈದಾ ಇವುಗಳ ಬಗ್ಗೆ ಯೋಚನೆ ಮಾಡಿ.

ಅಜ್ಜಿಮನೆ, ಶಿರಸಿ

ಅದನ್ನೇ ನಾವು ಹೇಳಿದ್ದು. ಹಾಗೇ ತಲೆಗೆ ದಿನಾ ಎಣ್ಣೆ ಹಚ್ಚಿ ತಂಪು ಮಾಡಿ. ಎಲ್ಲ ಇಳಿಯುತ್ತದೆ.

ವೈದ್ಯೆ, ದಾವಣಗೆರೆ

ಅಕ್ಕ, ಮಗಳು ಸ್ಕೂಲಿಗೆ ಹೋಗುವಾಗ ತಲೆಗೆ ಎಣ್ಣೆ ಹಚ್ಚುತ್ತೀರಾ? ಹಣೆಯ ಸಣ್ಣ ಗುಳ್ಳೆಗಳು ಕೂದಲಿನ ಅಂಚಿನಲ್ಲೇ ಇವೆಯಾ?

ಮಲ್ಲಿಗೆಬಳ್ಳಿ, ತುಮಕೂರು

ಹೌದು ಮೇಡಂ, ಎರಡು ಜಡೆ ಹಾಕಬೇಕಲ್ಲ. ದಿನಾ ಕೊಬ್ಬರಿ ಎಣ್ಣೆ ಹಚ್ಚಿ ಬಾಚುತ್ತೇನೆ. ಹಣೆಯ ಗುಳ್ಳೆಗಳು ಅಂಚಿನಲ್ಲೇ, ಕಿವಿಯ ಪಕ್ಕದವರೆಗೂ ಇವೆ. ಇದನ್ನು ನಾನು ಯೋಚನೆಯೇ ಮಾಡಿರಲಿಲ್ಲ.

ವೈದ್ಯೆ, ದಾವಣಗೆರೆ

ಅವು ಕೆನ್ನೆಯ ಮೊಡವೆಗಿಂತ ಬೇರೆ ಬಗೆ. ತಲೆಯ ಎಣ್ಣೆ ಬೆವರಿನ ಜೊತೆ ಇಳಿದು ಬಾವಿಯ ಬಾಯಿ ಮುಚ್ಚಿ ಬಂದವು. ವೈದ್ಯರು ಇದಕ್ಕೆ ಪೊಮೇಡ್ ಆಕ್ನೆ ಅನ್ನುತ್ತಾರೆ. ದಿನದ ಎಣ್ಣೆ ನಿಲ್ಲಿಸಿ ನೋಡಿ.

ಅಜ್ಜಿಮನೆ, ಶಿರಸಿ

ಕೊಬ್ಬರಿ ಎಣ್ಣೆಗೆ ಹೀಗೆ ಹೇಳಿದರೆ ನನಗೆ ಬೇಜಾರಾಗುತ್ತದೆ. ನನ್ನ ಅಮ್ಮನಿಗೆ ಎಂಬತ್ತರಲ್ಲೂ ಸೊಂಟದವರೆಗೆ ಕೂದಲಿತ್ತು. ತಲೆಹೊಟ್ಟು ಅಂದರೆ ಏನು ಅಂತ ಗೊತ್ತಿರಲಿಲ್ಲ.

ಜೀವಶಾಸ್ತ್ರದ ಮೇಷ್ಟ್ರು, ಹಾಸನ

ತಾಯಿ, ನಿಮ್ಮ ಅಮ್ಮ ಎಣ್ಣೆ ಹಚ್ಚಿ ಏನು ಮಾಡುತ್ತಿದ್ದರು? ಸೀಗೆಪುಡಿ ಹಾಕಿ ತೊಳೆಯುತ್ತಿದ್ದರು ಅಲ್ವಾ?

ಅಜ್ಜಿಮನೆ, ಶಿರಸಿ

ಹೌದು. ವಾರಕ್ಕೊಮ್ಮೆ ಎಣ್ಣೆಸ್ನಾನ. ಹಂಡೆ ನೀರು, ಸೀಗೆಪುಡಿ, ದಾಸವಾಳದ ಸೊಪ್ಪಿನ ಲೋಳೆ. ಆಮೇಲೆ ಸಾಂಬ್ರಾಣಿ ಹೊಗೆ.

ಜೀವಶಾಸ್ತ್ರದ ಮೇಷ್ಟ್ರು, ಹಾಸನ

ಅಲ್ಲೇ ವ್ಯತ್ಯಾಸ ಇದೆ. ಅಭ್ಯಂಜನ ಅಂದರೆ ಹಚ್ಚುವುದೂ ಹೌದು, ತೊಳೆಯುವುದೂ ಹೌದು. ಸೀಗೆಯಲ್ಲಿ ಸಪೋನಿನ್ ಇದೆ, ನೊರೆ ಬರಿಸಿ ಎಣ್ಣೆಯನ್ನು ಎತ್ತಿಕೊಂಡು ಹೋಗುತ್ತದೆ. ಈಗ ನಾವು ಹಚ್ಚುವುದನ್ನು ಉಳಿಸಿಕೊಂಡು ತೊಳೆಯುವುದನ್ನು ಬಿಟ್ಟಿದ್ದೇವೆ.

ತಲೆಹೊಟ್ಟಿನ ಹಿಂದೆ ಮಲಸೀಜಿಯಾ ಎಂಬ ಶಿಲೀಂಧ್ರ ಇದೆ. ಎಲ್ಲರ ತಲೆಯಲ್ಲೂ ವಾಸಿಸುತ್ತದೆ. ಅದಕ್ಕೆ ಬೇಕಾದ ಕೊಬ್ಬಿನ ಆಮ್ಲವನ್ನು ತಾನೇ ಮಾಡಿಕೊಳ್ಳಲು ಬರುವುದಿಲ್ಲ, ನಮ್ಮ ಗ್ರಂಥಿಗಳ ಎಣ್ಣೆಯನ್ನೇ ನಂಬಿದೆ. ಎಣ್ಣೆಯನ್ನು ಒಡೆದು ತನಗೆ ಬೇಕಾದದ್ದನ್ನು ತಿಂದು ಓಲಿಕ್ ಆಮ್ಲದಂಥದನ್ನು ಬಿಡುತ್ತದೆ. ಅದು ತಾಗಿ ಕೆಲವರ ನೆತ್ತಿ ಕೆರಳುತ್ತದೆ, ಚರ್ಮ ಬೇಗ ಬೇಗ ಉದುರುತ್ತದೆ. ಲ್ಯಾಬಿನಲ್ಲಿ ಈ ಶಿಲೀಂಧ್ರ ಬೆಳೆಸಬೇಕಾದರೆ ತಟ್ಟೆಯ ಮೇಲೆ ಆಲಿವ್ ಎಣ್ಣೆ ಹಾಕುತ್ತಾರೆ. ಇಲ್ಲದಿದ್ದರೆ ಅದರ ಹೆಚ್ಚಿನ ಜಾತಿಗಳು ಬೆಳೆಯುವುದೇ ಇಲ್ಲ. ಹೊಟ್ಟು ಇರುವ ತಲೆಗೆ ಎಣ್ಣೆ ಹಚ್ಚಿ ಎರಡು ದಿನ ಬಿಟ್ಟರೆ ನಾವೂ ಅದನ್ನೇ ಮಾಡಿದ ಹಾಗೆ.

ವೈದ್ಯೆ, ದಾವಣಗೆರೆ

ಮೇಷ್ಟ್ರು ಹೇಳಿದ್ದು ಸರಿ. ಕೊಬ್ಬರಿ ಎಣ್ಣೆಯ ಪರವಾಗಿ ನಾನೂ ಒಂದು ಮಾತು ಹೇಳಬೇಕು. ಅದು ಕೂದಲಿನ ಎಳೆಯೊಳಗೆ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ಕಳೆದುಹೋಗುವುದನ್ನು ತಡೆಯುತ್ತದೆ. ಹಾಗಾಗಿ ಕೂದಲಿಗೆ ಒಳ್ಳೆಯದು. ಹೊಟ್ಟಿರುವ ನೆತ್ತಿಗೆ, ಮೊಡವೆಯಿರುವ ಹಣೆಗೆ ಅಲ್ಲ. ಸ್ನಾನಕ್ಕೆ ಒಂದು ಗಂಟೆ ಮೊದಲು ಕೂದಲಿನ ಉದ್ದಕ್ಕೆ ಹಚ್ಚಿ, ಚೆನ್ನಾಗಿ ತೊಳೆಯಿರಿ. ಹೊಟ್ಟು ಜಾಸ್ತಿ ಇದ್ದರೆ ಕೀಟೋಕೊನಜೋಲ್ ಶಾಂಪೂ ವಾರಕ್ಕೆರಡು ಸಲ, ಐದು ನಿಮಿಷ ಬಿಟ್ಟು ತೊಳೆಯಬೇಕು.

ಅಜ್ಜಿಮನೆ, ಶಿರಸಿ

ಹಾಗಂದರೆ ಒಪ್ಪುತ್ತೇನೆ. ತೊಳೆಯುವುದನ್ನು ಬಿಟ್ಟದ್ದೇ ತಪ್ಪು.

ಹುಬ್ಬಳ್ಳಿ ಹುಡುಗ

ಇಲ್ಲೇ ಕೇಳಬಹುದಾ? ನನಗೆ 19. ಮೇಲಿನ ತುಟಿಯ ಅಂಚಿನಲ್ಲಿ ರವೆಯಂಥ ಹಳದಿ ಚುಕ್ಕೆಗಳು. ನೋವಿಲ್ಲ, ತುರಿಕೆ ಇಲ್ಲ. ಏನೋ ದೊಡ್ಡ ರೋಗ ಅಂತ ಆರು ತಿಂಗಳಿಂದ ಯಾರಿಗೂ ಹೇಳದೆ ಒದ್ದಾಡುತ್ತಿದ್ದೇನೆ.

ವೈದ್ಯೆ, ದಾವಣಗೆರೆ

ತಮ್ಮಾ, ನೀನು ಹೇಳುವುದನ್ನು ನೋಡಿದರೆ ಫೋರ್ಡೈಸ್ ಚುಕ್ಕೆ ಇರಬೇಕು. ಇವೂ ಎಣ್ಣೆ ಗ್ರಂಥಿಗಳೇ. ಕೂದಲಿಲ್ಲದ ಜಾಗದಲ್ಲಿ ನೇರವಾಗಿ ಮೇಲಕ್ಕೆ ತೆರೆದುಕೊಂಡಿರುತ್ತವೆ. 1896ರಲ್ಲಿ ಜಾನ್ ಫೋರ್ಡೈಸ್ ಎಂಬ ಅಮೆರಿಕದ ವೈದ್ಯರು ಇವುಗಳ ಬಗ್ಗೆ ಬರೆದರು. ರೋಗ ಅಲ್ಲ, ಯಾರಿಗೂ ಅಂಟುವುದಿಲ್ಲ. ದೊಡ್ಡವರಲ್ಲಿ ಬಹಳ ಜನಕ್ಕೆ ಇರುತ್ತವೆ. ಒಮ್ಮೆ ಡಾಕ್ಟರಿಗೆ ತೋರಿಸು, ಮನಸ್ಸು ಹಗುರಾಗುತ್ತದೆ. ಹಿಂಡಬೇಡ.

ಹುಬ್ಬಳ್ಳಿ ಹುಡುಗ

ತುಂಬಾ ಥ್ಯಾಂಕ್ಸ್ ಮೇಡಂ. ನಾಳೆನೇ ಹೋಗಿ ತೋರಿಸುತ್ತೇನೆ.

ಕರಾವಳಿ ಹುಡುಗ, ಮಂಗಳೂರು

ಅಕ್ಕ, ನನ್ನ ಕಥೆ ಹೇಳುತ್ತೇನೆ. ನಿಮ್ಮ ಮನೆಯವರಿಗೂ ಓದಿಸಿ. ನಮ್ಮ ಅಪ್ಪನೂ "ತಾನಾಗೇ ಹೋಗುತ್ತೆ" ಅಂದಿದ್ದರು. ಹದಿನೇಳರಿಂದ ಇಪ್ಪತ್ತೆರಡರವರೆಗೆ ಕಾದೆವು. ಮುಖ, ಎದೆ, ಬೆನ್ನಿನ ತುಂಬಾ ಗಂಟುಗಂಟು ಮೊಡವೆ. ಬಿಳಿ ಅಂಗಿ ಹಾಕಿದರೆ ಸಂಜೆಗೆ ರಕ್ತದ ಕಲೆ. ಮೊಡವೆ ಹೋದವು, ಗುಂಡಿಗಳು ಉಳಿದವು. ಕೆನ್ನೆಯ ಗುಂಡಿಗಳನ್ನು ಇವತ್ತಿಗೂ ದಿನಾ ಕನ್ನಡಿಯಲ್ಲಿ ನೋಡುತ್ತೇನೆ. ಎರಡು ವರ್ಷ ಮೊದಲೇ ಹೋಗಿದ್ದರೆ ಇವು ಇರುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದಾಗ ಅಪ್ಪ ಅಲ್ಲೇ ಕಣ್ಣೀರು ಹಾಕಿದರು.

ನನಗೆ ಕೊಟ್ಟದ್ದು ಐಸೊಟ್ರೆಟಿನಾಯಿನ್ ಮಾತ್ರೆ. ಏಳು ತಿಂಗಳು ತೆಗೆದುಕೊಂಡೆ. ಮೊದಲ ತಿಂಗಳಲ್ಲೇ ಮುಖದ ಎಣ್ಣೆ ನಿಂತಿತು. ತುಟಿ ಒಡೆದು ರಕ್ತ ಬರುತ್ತಿತ್ತು, ಮೂಗು ಒಣಗುತ್ತಿತ್ತು. ಆಗಾಗ ರಕ್ತ ಪರೀಕ್ಷೆ. ಆದರೆ ಮೊಡವೆ ನಿಂತಿತು.

ವೈದ್ಯೆ, ದಾವಣಗೆರೆ

ಬರೆದದ್ದಕ್ಕೆ ಧನ್ಯವಾದ. ಈ ಮಾತ್ರೆಯ ಬಗ್ಗೆ ಎಲ್ಲರೂ ಗಮನಿಸಬೇಕಾದ ವಿಷಯ ಇದೆ. ಇದು ವಿಟಮಿನ್ ಎ ಕುಟುಂಬದ್ದು. ಅಮೆರಿಕದಲ್ಲಿ 1982ರಲ್ಲಿ ಒಪ್ಪಿಗೆ ಸಿಕ್ಕಿತು. ಎಣ್ಣೆ ಗ್ರಂಥಿಯನ್ನೇ ಕುಗ್ಗಿಸುವ ಶಕ್ತಿ ಇದಕ್ಕಿದೆ, ಕೆಲವೇ ವಾರಗಳಲ್ಲಿ ಎಣ್ಣೆ 90% ತನಕ ಇಳಿಯಬಹುದು. ಆದರೆ ಗರ್ಭಿಣಿ ತೆಗೆದುಕೊಂಡರೆ ಮಗುವಿನ ಮಿದುಳು, ಹೃದಯ, ಕಿವಿಗಳಲ್ಲಿ ಭಾರಿ ದೋಷ ಬರುತ್ತದೆ. ಮಾತ್ರೆ ತಿನ್ನುವಾಗಲೂ, ಬಿಟ್ಟು ಒಂದು ತಿಂಗಳವರೆಗೂ ಗರ್ಭ ಧರಿಸಬಾರದು. ಆ ಅವಧಿಯಲ್ಲಿ ಗಂಡಸರೂ ರಕ್ತದಾನ ಮಾಡಬಾರದು, ಅದು ಗರ್ಭಿಣಿಗೆ ಹೋಗಬಹುದು. ಗೆಳತಿಗೆ ಕೊಟ್ಟ ಮಾತ್ರೆಯ ಸ್ಟ್ರಿಪ್ ಹಂಚಿಕೊಂಡು ತಿನ್ನುವುದನ್ನು ಕಾಲೇಜು ಹುಡುಗಿಯರಲ್ಲಿ ನೋಡಿದ್ದೇನೆ. ಬೇಡ. ಖಂಡಿತ ಬೇಡ.

ಅಕ್ಕ, ನಿಮ್ಮ ಮಗಳಿಗೆ ಈಗಲೇ ಅದು ಬೇಕು ಅಂತಲ್ಲ. ಸಾಮಾನ್ಯವಾಗಿ ಅಡಾಪಲೀನ್ ಜೆಲ್, ಬೆಂಜಾಯ್ಲ್ ಪೆರಾಕ್ಸೈಡ್‌ನಿಂದ ಶುರು ಮಾಡುತ್ತಾರೆ. ಮೊದಲಿನದು ಬಾವಿಯ ಬಾಯಿ ಮುಚ್ಚದಂತೆ ನೋಡಿಕೊಳ್ಳುತ್ತದೆ, ಎರಡನೆಯದು ಒಳಗಿನ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಪೆರಾಕ್ಸೈಡ್ ತಾಗಿದ ಟವೆಲ್, ದಿಂಬಿನ ಬಣ್ಣ ಹೋಗುತ್ತದೆ, ಹಳೆಯದನ್ನು ಇಟ್ಟುಕೊಳ್ಳಿ. ಎಂಟರಿಂದ ಹನ್ನೆರಡು ವಾರ ಕಾಯಬೇಕು. ಮೇಷ್ಟ್ರು ಹೇಳಿದ ಎರಡು ಮೂರು ವಾರದ ಲೆಕ್ಕ ನೆನಪಿದೆಯಲ್ಲ, ಚರ್ಮದ ಕೆಲಸ ನಿಧಾನ. ಡಾಕ್ಟರ ಹತ್ತಿರ ಮುಟ್ಟಿನ ಬಗ್ಗೆಯೂ ಹೇಳಿ. ತುಂಬಾ ತಪ್ಪುತ್ತಿದ್ದರೆ, ಗದ್ದದಲ್ಲಿ ದಪ್ಪ ಕೂದಲು ಬರುತ್ತಿದ್ದರೆ ಪಿಸಿಓಎಸ್, ಅಂದರೆ ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನಿನ ಏರುಪೇರು, ಇದೆಯೇ ಅಂತ ನೋಡುತ್ತಾರೆ.

ಸೂಲಗಿತ್ತಿಯ ಮೊಮ್ಮಗಳು, ಧಾರವಾಡ

ನಾನು ಹೆರಿಗೆ ವಾರ್ಡಿನಲ್ಲಿ ನರ್ಸ್. ಈ ಗ್ರಂಥಿಗಳ ಮೊದಲ ಕೆಲಸವನ್ನು ನಾನು ದಿನಾ ನೋಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಹುಟ್ಟಿದ ಮಗುವಿನ ಮೈಮೇಲೆ ಬೆಣ್ಣೆ ಮೆತ್ತಿದ ಹಾಗೆ ಬಿಳಿ ಪದರ ಇರುತ್ತದೆ. ಹೊಟ್ಟೆಯೊಳಗಿದ್ದಾಗಲೇ ಮಗುವಿನ ಎಣ್ಣೆ ಗ್ರಂಥಿಗಳು ಕೆಲಸ ಶುರು ಮಾಡಿರುತ್ತವೆ. ಆ ಎಣ್ಣೆ, ಉದುರಿದ ಚರ್ಮ, ನೀರು ಸೇರಿ ಆದದ್ದು ಅದು. ತಿಂಗಳುಗಟ್ಟಲೆ ನೀರಿನಲ್ಲಿ ಇರುವ ಮಗುವಿನ ಚರ್ಮವನ್ನು ಕಾಪಾಡುತ್ತದೆ. ಹುಟ್ಟಿದ ಮೇಲೂ ಚರ್ಮ ಒಣಗದಂತೆ ನೋಡಿಕೊಳ್ಳುತ್ತದೆ. ಮನೆಯವರು "ಗಲೀಜು, ತೊಳೆದು ಕೊಡಿ" ಅನ್ನುತ್ತಾರೆ. ಇಪ್ಪತ್ತನಾಲ್ಕು ಗಂಟೆ ಸ್ನಾನ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಎಷ್ಟೋ ಅಜ್ಜಿಯರಿಗೆ ಇದನ್ನು ಕೂತು ವಿವರಿಸಿದ್ದೇನೆ. ಹೇಳಿದರೆ ಒಪ್ಪುತ್ತಾರೆ.

ಮಗುವಿನ ಮೂಗಿನ ಮೇಲೆ ಸಣ್ಣ ಹಳದಿ ಚುಕ್ಕೆ ಕಂಡರೂ ಹೆದರಬೇಡಿ. ತಾಯಿಯ ಹಾರ್ಮೋನಿನಿಂದ ಗ್ರಂಥಿ ಉಬ್ಬಿರುತ್ತದೆ, ಕೆಲವು ವಾರಕ್ಕೆ ಇಳಿಯುತ್ತದೆ.

ಜೀವಶಾಸ್ತ್ರದ ಮೇಷ್ಟ್ರು, ಹಾಸನ

ಒಳ್ಳೆಯ ಮಾತು ಬರೆದಿರಿ ತಾಯಿ. ಮಲ್ಲಿಗೆಬಳ್ಳಿಯವರೇ, ನಿಮ್ಮ ಮಗಳು ಹತ್ತನೇ ಕ್ಲಾಸು ಅಂದಿರಿ, ಅವಳಿಗೆ ಎರಡು ವಿಷಯ. ನಮ್ಮ ಮುಖದ ಎಣ್ಣೆಯಲ್ಲಿ ಸುಮಾರು 12% ಸ್ಕ್ವಾಲೀನ್ ಎಂಬ ಜಿಡ್ಡಿನ ವಸ್ತು ಇರುತ್ತದೆ. ಇದನ್ನು 1906ರಲ್ಲಿ ಜಪಾನಿನ ಮಿತ್ಸುಮಾರು ತ್ಸುಜಿಮೊಟೊ ಎಂಬ ವಿಜ್ಞಾನಿ ಶಾರ್ಕ್ ಮೀನಿನ ಪಿತ್ತಜನಕಾಂಗದ ಎಣ್ಣೆಯಲ್ಲಿ ಕಂಡುಹಿಡಿದರು. ಶಾರ್ಕಿನಲ್ಲಿರುವ ವಸ್ತು ಅವಳ ಹಣೆಯ ಮೇಲೂ ಇದೆ. ಇನ್ನೊಂದು, ಸ್ಯಾಪಿಯೆನಿಕ್ ಆಮ್ಲ ಎಂಬ ಕೊಬ್ಬಿನ ಆಮ್ಲ. ನಮ್ಮ ಸೀಬಮ್ಮಿನಲ್ಲಿ ಹೇರಳವಾಗಿದೆ, ಬೇರೆ ಪ್ರಾಣಿಗಳ ಚರ್ಮದೆಣ್ಣೆಯಲ್ಲಿ ಹೀಗೆ ಸಿಗುವುದಿಲ್ಲ. ಅದಕ್ಕೇ ಮನುಷ್ಯನ ವೈಜ್ಞಾನಿಕ ಹೆಸರಾದ ಹೋಮೋ ಸೇಪಿಯನ್ಸ್ ಅನ್ನುವುದರಿಂದ ಆ ಹೆಸರು ಬಂತು. ಕೆಲವು ಕೆಟ್ಟ ಬ್ಯಾಕ್ಟೀರಿಯಾಗಳನ್ನು ಅದು ಕೊಲ್ಲುತ್ತದೆ.

ಚಿತ್ರದುರ್ಗದ ಕುರಿಮನೆ

ಮೇಷ್ಟ್ರೇ, ಕುರಿ ತುಪ್ಪಟ ಕತ್ತರಿಸುವಾಗ ಕೈಗೆ ಹತ್ತುವ ಜಿಡ್ಡು ಕೂಡ ಇದೇನಾ?

ಜೀವಶಾಸ್ತ್ರದ ಮೇಷ್ಟ್ರು, ಹಾಸನ

ಅದೇ. ಕುರಿಯ ಚರ್ಮದ ಇದೇ ಗ್ರಂಥಿಗಳಿಂದ ಬರುವ ಮೇಣ. ಶುದ್ಧ ಮಾಡಿದರೆ ಲ್ಯಾನೊಲಿನ್ ಅನ್ನುತ್ತಾರೆ, ತುಟಿಗೆ ಹಚ್ಚುವ ಮುಲಾಮುಗಳಲ್ಲಿ ಹಾಕುತ್ತಾರೆ.

ಮಲ್ಲಿಗೆಬಳ್ಳಿ, ತುಮಕೂರು

ಮೂರು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಎಲ್ಲರೂ ಕೇಳುತ್ತಿದ್ದಿರಿ.

ಡಾಕ್ಟರಿಗೆ ಮರುದಿನವೇ ತೋರಿಸಿದೆವು. ಸ್ಟೀರಾಯ್ಡ್ ಬಿಟ್ಟ ಮೊದಲ ಎರಡು ವಾರ ತುಂಬಾ ಕಷ್ಟ ಆಯಿತು. ಮುಖ ಕೆಂಡದ ಹಾಗೆ. "ಅಮ್ಮಾ, ಒಂದೇ ಒಂದು ಸಲ ಆ ಟ್ಯೂಬ್ ಕೊಡು" ಅಂತ ಅಳುತ್ತಿದ್ದಳು. ತಣ್ಣೀರಿನ ಬಟ್ಟೆ, ಡಾಕ್ಟರು ಬರೆದುಕೊಟ್ಟ ಕ್ರೀಮು, ಇಷ್ಟೇ. ಮೂರನೇ ವಾರ ಉರಿ ಇಳಿಯಿತು. ಆಮೇಲೆ ರಾತ್ರಿ ಅಡಾಪಲೀನ್, ಹಗಲು ಸನ್‌ಸ್ಕ್ರೀನ್. ಕರಾವಳಿಯ ತಮ್ಮ ಬರೆದದ್ದನ್ನು ನಮ್ಮನೆಯವರಿಗೆ ಓದಿಸಿದೆ. ಏನೂ ಮಾತಾಡಲಿಲ್ಲ. ಎರಡನೇ ಸಲ ಡಾಕ್ಟರ ಹತ್ತಿರ ಹೋಗುವಾಗ ಅವರೇ ರಜೆ ಹಾಕಿ ಕರೆದುಕೊಂಡು ಹೋದರು.

ಜಡೆಗೆ ಎಣ್ಣೆ ಈಗ ಭಾನುವಾರ ಮಾತ್ರ, ಸ್ನಾನಕ್ಕೆ ಮೊದಲು. ಹಣೆಯ ಅಂಚಿನ ಗುಳ್ಳೆ ಬಹುಪಾಲು ಹೋಗಿವೆ. ಕೆನ್ನೆಯಲ್ಲಿ ಮೊಡವೆ ಇನ್ನೂ ಬರುತ್ತವೆ, ಆದರೆ ಮೊದಲಿನಷ್ಟು ದೊಡ್ಡದಲ್ಲ. ಹಣೆ ಮಧ್ಯಾಹ್ನಕ್ಕೆ ಈಗಲೂ ಹೊಳೆಯುತ್ತದೆ. ಅದು ನಿಂತಿಲ್ಲ, ಸದ್ಯಕ್ಕೆ ನಿಲ್ಲುವುದೂ ಇಲ್ಲ ಅಂತ ಡಾಕ್ಟರು ಹೇಳಿದ್ದಾರೆ.

ಸೋಪಿನ ಡಬ್ಬಿಯನ್ನು ಅವಳೇ ಬ್ಯಾಗಿನಿಂದ ತೆಗೆದಿಟ್ಟಿದ್ದಾಳೆ. ಮೇಷ್ಟ್ರೇ, ನೀವು ಹೇಳಿದ ಗಾಣದ ಮಾತನ್ನು ವಿಜ್ಞಾನದ ಕ್ಲಾಸಿನಲ್ಲಿ ಹೇಳಿದಳಂತೆ. ಅವಳ ಟೀಚರು ಒಂದು ಪ್ರಶ್ನೆ ಕೇಳಿದ್ದಾರೆ: ಕಣ್ಣಿನ ರೆಪ್ಪೆಯಲ್ಲೂ ಎಣ್ಣೆ ಗ್ರಂಥಿ ಇದೆಯಾ?

ಜೀವಶಾಸ್ತ್ರದ ಮೇಷ್ಟ್ರು, ಹಾಸನ

ಇದೆ ಅಂತ ಹೇಳು ಮಗಳೇ. ಮೈಬೋಮಿಯನ್ ಗ್ರಂಥಿ. ಜರ್ಮನಿಯ ಹೈನ್ರಿಕ್ ಮೈಬೋಮ್ ಎಂಬ ವೈದ್ಯರು 1666ರಲ್ಲಿ ವಿವರಿಸಿದರು. ರೆಪ್ಪೆಯ ಅಂಚಿನಲ್ಲಿ ಸಾಲಾಗಿ ಬಾಯಿ ತೆರೆದಿರುತ್ತವೆ. ಕಣ್ಣು ಮಿಟುಕಿಸಿದಾಗಲೆಲ್ಲ ಸ್ವಲ್ಪ ಎಣ್ಣೆ ಬಂದು ಕಣ್ಣೀರಿನ ಮೇಲೆ ತೆಳುವಾಗಿ ಹರಡುತ್ತದೆ, ಕಣ್ಣೀರು ಬೇಗ ಆರದಂತೆ ತಡೆಯುತ್ತದೆ. ಓದುವಾಗ, ಮೊಬೈಲ್ ನೋಡುವಾಗ ನಾವು ಕಣ್ಣು ಮಿಟುಕಿಸುವುದು ಕಡಿಮೆ. ಕಣ್ಣು ಉರಿಯುವುದಕ್ಕೆ ಅದೂ ಒಂದು ಕಾರಣ. ಪರೀಕ್ಷೆಗೆ ಓದುವಾಗ ಆಗಾಗ ಪುಸ್ತಕದಿಂದ ತಲೆಯೆತ್ತಿ ಚೆನ್ನಾಗಿ ಕಣ್ಣು ಮಿಟುಕಿಸು.